ನಿಮ್ಮ ಬೀದಿಯನ್ನು ನಡೆದು, ಅಳೆದು, ಸರಿ ಮಾಡಿಸಿಕೊಳ್ಳುವುದು ಹೇಗೆ

ಪಾಲಿಕೆಯ ರಸ್ತೆ ವಿಭಾಗದಲ್ಲಿ ಎಸ್ಟಿಮೇಟ್ ಬರೆಯುವುದು ನನ್ನ ಕೆಲಸವಾಗಿತ್ತು. ಯಾವ ಪಾಲಿಕೆ ಅನ್ನೋದು ಬೇಡ ಬಿಡಿ, ಈ ವಿಷಯದಲ್ಲಿ ಎಲ್ಲಾ ಪಾಲಿಕೆಗಳೂ ಅಣ್ಣ ತಮ್ಮಂದಿರು. ನನ್ನ ಮೇಜಿಗೆ ಬರುತ್ತಿದ್ದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೀಗಿರುತ್ತಿದ್ದವು: "ನಮ್ಮ ಬೀದಿಯಲ್ಲಿ ಓಡಾಡುವುದೇ ಕಷ್ಟವಾಗಿದೆ, ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ." ಬರೆದವರ ಸಂಕಟ ನಿಜ. ಆದರೆ ಅದನ್ನು ಓದಿದ ಎಂಜಿನಿಯರ್ ಏನು ಮಾಡಬೇಕು? ಯಾವ ಜಾಗ, ಎಷ್ಟು ಉದ್ದ, ಏನು ಕೆಟ್ಟಿದೆ, ಒಂದೂ ಇಲ್ಲ. ಪತ್ರಕ್ಕೆ ಒಂದು ನಂಬರ್ ಬೀಳುತ್ತಿತ್ತು, ಫೈಲಿಗೆ ಸೇರುತ್ತಿತ್ತು.

ಅಪರೂಪಕ್ಕೆ ಇನ್ನೊಂದು ಬಗೆಯ ಪತ್ರ ಬರುತ್ತಿತ್ತು. "ಶಾಲೆಯ ಗೇಟಿನ ಎದುರು ರಸ್ತೆ 14 ಮೀಟರ್ ಅಗಲ ಇದೆ. ನಡೆಯುವವರಿಗೆ ಸಿಗ್ನಲ್ ಕೊಡುವುದು 10 ಸೆಕೆಂಡ್. ಮಕ್ಕಳು ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ." ಇಂಥ ಪತ್ರವನ್ನು ಸುಮ್ನೆ ಪಕ್ಕಕ್ಕಿಡಲು ಆಗುವುದಿಲ್ಲ. ಅದರಲ್ಲಿ ಲೆಕ್ಕ ಇದೆ, ಜಾಗ ಇದೆ. ನಾಳೆ ಅಲ್ಲಿ ಏನಾದರೂ ಆದರೆ ಪತ್ರ ಯಾರ ಟೇಬಲ್ ಮೇಲಿತ್ತು ಎಂಬ ಪ್ರಶ್ನೆಯೂ ಇದೆ.

ಎರಡು ವಿಷಯ ಕಲಿತರೆ ಸಾಕು. ಒಂದು, ಅಳೆಯುವುದು. ಇನ್ನೊಂದು, ಯಾವಾಗ ಕೇಳಬೇಕು ಅನ್ನೋದು. ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಅನುಭವದಲ್ಲಿ ಅದೇ ಮುಖ್ಯ. ಆದರೆ ಮೊದಲು ಅಳತೆಯಿಂದ ಶುರು ಮಾಡೋಣ.

ಒಂದೇ ಬೀದಿ ಹಿಡಿಯಿರಿ

ಇಡೀ ಬಡಾವಣೆಯನ್ನು ಸರಿ ಮಾಡಲು ಹೊರಡಬೇಡಿ. ಒಂದು ಬೀದಿ, ಅದರಲ್ಲೂ 400ರಿಂದ 500 ಮೀಟರ್ ಸಾಕು. ಜನ ನಿಜವಾಗಿ ನಡೆಯುವ ದಾರಿ ಆರಿಸಿ. ಬಸ್ ಸ್ಟಾಪಿನಿಂದ ಶಾಲೆಗೆ, ಮನೆಗಳಿಂದ ಆಸ್ಪತ್ರೆಗೆ, ಹೀಗೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ತುಂಡಾಗದ ದಾರಿ ಸಿಗಬೇಕು, ಅದೇ ಗುರಿ. ನಾನೂರು ಮೀಟರ್ ಚೆನ್ನಾಗಿದ್ದು ನಡುವೆ ಒಂದೇ ಕಡೆ ಸ್ಲ್ಯಾಬ್ ಕುಸಿದಿದ್ದರೆ, ಗಾಲಿಕುರ್ಚಿಯವರಿಗೆ ಆ ನಾನೂರು ಮೀಟರೂ ಇಲ್ಲದ ಹಾಗೆಯೇ.

ಐದು ಮೀಟರಿನ ಟೇಪು, ಚಾಕ್‌ಪೀಸ್, ಫೋನು, ಒಂದು ನೋಟ್‌ಬುಕ್ ಇದ್ದರೆ ಆಯಿತು. ಜೊತೆಗೆ ಯಾರು ಬರುತ್ತಾರೆ ಅನ್ನೋದು ಸಾಮಾನಿಗಿಂತ ಮುಖ್ಯ. ಗಟ್ಟಿಮುಟ್ಟಾದ ಮೂವತ್ತರ ಗಂಡಸರು ಮಾತ್ರ ಹೋಗಿ ನೋಡಿ ಬಂದ ಬೀದಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ! ಕೋಲು ಹಿಡಿದು ನಡೆಯುವ ಒಬ್ಬರನ್ನು ಕರೆಯಿರಿ. ಮಗುವಿನ ತಳ್ಳುಗಾಡಿ ಇರುವ ತಾಯಿಯನ್ನು ಕರೆಯಿರಿ. ಕಣ್ಣು ಕಾಣದವರು ಯಾರಾದರೂ ಬರಲು ಒಪ್ಪಿದರೆ ಅವರಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ಬೇರೆ ಇಲ್ಲ. ಯಾರೂ ಸಿಗಲಿಲ್ಲವಾ? ತುಂಬಿದ ಸೂಟ್‌ಕೇಸ್ ಎಳೆದುಕೊಂಡು ನಡೆಯಿರಿ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ.

ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಶಾಲೆ ಬಿಡುವ ಹೊತ್ತಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಮಳೆ ನಿಂತ ತಕ್ಷಣ ಒಮ್ಮೆ. ರಾತ್ರಿ ನೋಡಬೇಕಾದದ್ದು ಬೀದಿ ದೀಪ ಇದೆಯೋ ಇಲ್ಲವೋ ಅನ್ನೋದಷ್ಟೇ ಅಲ್ಲ, ಬೆಳಕು ಎಲ್ಲಿ ಬೀಳುತ್ತಿದೆ ಅನ್ನೋದು. ಎಷ್ಟೋ ಕಡೆ ರಸ್ತೆಯ ನಡುವೆ ಹಗಲಿನಂತೆ ಬೆಳಕು, ಫುಟ್‌ಪಾತ್ ಮೇಲೆ ಮರದ ನೆರಳು.

ಅಗಲ: ಕಾಗದದ್ದಲ್ಲ, ಕಾಲಿಗೆ ಸಿಗುವುದು

ಡ್ರಾಯಿಂಗಿನಲ್ಲಿ ಫುಟ್‌ಪಾತ್ 2 ಮೀಟರ್ ಅಂತ ಇರುತ್ತದೆ. ಅದರಲ್ಲಿ ಕಂಬ ಒಂದು, ಟೆಲಿಫೋನ್ ಪೆಟ್ಟಿಗೆ ಒಂದು, ಮರದ ಸುತ್ತ ಕಟ್ಟೆ, "ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಬೇಡಿ" ಎಂಬ ಬೋರ್ಡು, ಅದರ ಕೆಳಗೆ ನಿಂತ ಬೈಕು. ಕೊನೆಗೆ ಉಳಿಯುವುದು 60 ಸೆಂಟಿಮೀಟರ್. ಆದ್ದರಿಂದ ಗೋಡೆಯಿಂದ ಕರ್ಬ್‌ವರೆಗೆ, ಅಂದರೆ ಫುಟ್‌ಪಾತ್ ಅಂಚಿನ ಕಲ್ಲಿನವರೆಗೆ, ಅಳೆಯಬೇಡಿ. ಅತಿ ಇಕ್ಕಟ್ಟಾದ ಜಾಗದಲ್ಲಿ, ಅಡ್ಡಿಗಳ ನಡುವೆ ಅಳೆಯಿರಿ. ಬಾಟಲಿ ಎಷ್ಟೇ ದೊಡ್ಡದಿರಲಿ, ನೀರು ಎಷ್ಟು ಬರುತ್ತದೆ ಅನ್ನೋದನ್ನು ತೀರ್ಮಾನ ಮಾಡುವುದು ಅದರ ಕತ್ತು.

ಎಷ್ಟಿರಬೇಕು? ಎರಡು ಗಾಲಿಕುರ್ಚಿಗಳು ಎದುರು ಬದುರು ಬಂದರೆ ದಾಟಿ ಹೋಗಲು ಸುಮಾರು 1.8 ಮೀಟರ್ ಬೇಕು. ಭಾರತದಲ್ಲಿ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಐಆರ್‌ಸಿ 103 ಎಂಬ ಮಾರ್ಗಸೂಚಿ ಇದನ್ನೇ ಕನಿಷ್ಠ ಅಗಲ ಎನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿ 2 ಮೀಟರ್ ಕೇಳುತ್ತದೆ. ಅಂಗಡಿ ಸಾಲು, ಬಸ್ ಸ್ಟಾಪ್ ಇರುವ ಕಡೆ ಇನ್ನೂ ಜಾಸ್ತಿ ಬೇಕು. ನಿಮ್ಮ ದೇಶದ ಮಾರ್ಗಸೂಚಿಯಲ್ಲಿ ಎಷ್ಟಿದೆ ನೋಡಿಕೊಂಡು ಆ ಅಂಕಿಯನ್ನೇ ಪತ್ರದಲ್ಲಿ ಹಾಕಿ. ಎಂಜಿನಿಯರ್‌ಗೆ ಬೇರೆ ದೇಶದ ಉಪದೇಶಕ್ಕಿಂತ ತನ್ನ ಇಲಾಖೆಯ ಪುಸ್ತಕದ ಭಯ ಹೆಚ್ಚು.

ತಲೆಯ ಮೇಲೂ ನೋಡಿ. 2.2 ಮೀಟರ್‌ವರೆಗೆ ಏನೂ ಅಡ್ಡ ಬರಬಾರದು. ಕಣ್ಣು ಕಾಣದವರ ಕೋಲಿಗೆ ನೆಲದ ಮೇಲಿನ ಅಡ್ಡಿ ಸಿಗುತ್ತದೆ, ಹಣೆಯ ಮಟ್ಟಕ್ಕೆ ಚಾಚಿಕೊಂಡ ಬೋರ್ಡು ಸಿಗುವುದಿಲ್ಲ.

ಅಡ್ಡಿಗಳನ್ನು ಬರೆದುಕೊಳ್ಳುವಾಗ ಎರಡು ಪಟ್ಟಿ ಮಾಡಿ. ಸುಲಭವಾಗಿ ಸರಿಸಬಹುದಾದದ್ದು ಒಂದು, ಆಗದ್ದು ಇನ್ನೊಂದು. ಬೋರ್ಡು, ಕಸದ ಡಬ್ಬಿ, ಬೆಂಚು ಪಾಲಿಕೆಯವೇ ಆಗಿರುತ್ತವೆ. ಅವನ್ನೆಲ್ಲ ಕರ್ಬ್ ಪಕ್ಕದ ಒಂದೇ ಸಾಲಿಗೆ ತಂದರೆ ನಡುವೆ ದಾರಿ ತಾನಾಗಿಯೇ ಬಿಡುತ್ತದೆ. ಇದಕ್ಕೆ ಟೆಂಡರೂ ಬೇಡ, ಒಂದು ದಿನದ ಕೂಲಿ ಸಾಕು. ಟ್ರಾನ್ಸ್‌ಫಾರ್ಮರ್ ಸರಿಸಬೇಕಾದರೆ ವಿದ್ಯುತ್ ಕಂಪನಿ ಬರಬೇಕು, ಅದು ಬೇರೆಯೇ ಅಧ್ಯಾಯ. ಸುಲಭದ ಪಟ್ಟಿಯನ್ನು ಮೊದಲು ಕೊಡಿ.

ಕರ್ಬ್ ಪಕ್ಕ ಕೂತು ನೋಡಿ

ಕರ್ಬ್ ಎತ್ತರ ಅಳೆಯಿರಿ. 150 ಮಿಲಿಮೀಟರ್‌ಗಿಂತ ಹೆಚ್ಚು ಇರಬಾರದು. ಚರಂಡಿಯ ಮೇಲೆ ಸ್ಲ್ಯಾಬ್ ಹಾಕಿ ಫುಟ್‌ಪಾತ್ ಅಂತ ಕರೆದ ಕಡೆ 300, 400 ಮಿಲಿಮೀಟರ್ ಎತ್ತರ ಇರುತ್ತದೆ. ವಯಸ್ಸಾದವರು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ "ಫುಟ್‌ಪಾತ್ ಕೊಟ್ಟರೂ ಜನ ಬಳಸಲ್ಲ" ಅಂತ ದೂರು ಬೇರೆ.

ಇದರ ಉಲ್ಟಾ ತೊಂದರೆಯೂ ಇದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾರೆ. ಒಂದು ಪದರ 40 ಮಿಲಿಮೀಟರ್ ಅಂದುಕೊಳ್ಳಿ. ಮೂರು ಸಲ ಹೀಗೆ ಆದರೆ 120 ಹೋಯಿತು. 150ರ ಕರ್ಬ್‌ನಲ್ಲಿ ಉಳಿದದ್ದು 30. ಈಗ ಯಾವ ಬೈಕಾದರೂ ಆರಾಮವಾಗಿ ಫುಟ್‌ಪಾತ್ ಹತ್ತುತ್ತದೆ, ಮಳೆನೀರೂ ಹತ್ತುತ್ತದೆ. ನಿಮ್ಮ ಬೀದಿಯಲ್ಲಿ ಕರ್ಬ್ ಮುಳುಗಿ ಹೋಗಿದ್ದರೆ, ಮುಂದಿನ ಡಾಂಬರಿಗೆ ಮೊದಲು ಮಿಲ್ಲಿಂಗ್ (ಹಳೆಯ ಪದರ ಕೆರೆದು ತೆಗೆಯುವುದು) ಮಾಡಿಸಿ ಎಂದು ಪತ್ರದಲ್ಲಿ ಬರೆಯಿರಿ. ಆ ಶಬ್ದವನ್ನೇ ಬಳಸಿ.

ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯುವ ಇಳಿಜಾರುಗಳನ್ನು, ಅಂದರೆ ರಾಂಪ್‌ಗಳನ್ನು, ಹತ್ತಿರದಿಂದ ನೋಡಬೇಕು, ದೂರದಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಕೆಳಗೆ ಕೂತುಕೊಳ್ಳಿ. ರಾಂಪ್ ಮುಗಿದು ಡಾಂಬರು ಶುರುವಾಗುವ ಗೆರೆಯಲ್ಲಿ ಬೆರಳು ಇಡಿ. ಅಲ್ಲಿ ಒಂದು ಬೆರಳಿನಷ್ಟು ಮೆಟ್ಟಿಲು ಉಳಿದಿರುತ್ತದೆ. ಗುತ್ತಿಗೆದಾರ ಕಾಂಕ್ರೀಟ್ ಸುರಿದ, ಡಾಂಬರಿನವರು ಆಮೇಲೆ ಬಂದರು, ಇಬ್ಬರೂ ಗೆರೆಯನ್ನು ಮುಟ್ಟಲಿಲ್ಲ. ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಅಲ್ಲಿ ತಡೆದು ನಿಂತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅದೇ ಗೆರೆಯಲ್ಲಿ ನೀರು ನಿಂತ ಕಲೆ ಇದೆಯಾ ನೋಡಿ. ಇದ್ದರೆ ಮಳೆಗಾಲದಲ್ಲಿ ಈ ರಾಂಪ್ ಒಂದು ಗುಂಡಿ.

ಇಳಿಜಾರು ಅಳೆಯಲು ಫೋನಿನಲ್ಲಿರುವ ಲೆವೆಲ್ ಆ್ಯಪ್ ಸಾಕು. ಫೋನನ್ನು ರಾಂಪ್ ಮೇಲೆ ಮಲಗಿಸಿ. ರಾಂಪ್‌ಗೆ ಬೇಕಾದ ಒಂದಕ್ಕೆ ಹನ್ನೆರಡು ಇಳಿಜಾರು (ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ) ಅಂದರೆ ಹತ್ತಿರ ಹತ್ತಿರ 5 ಡಿಗ್ರಿ. 9, 10 ಡಿಗ್ರಿ ತೋರಿಸಿದರೆ ಅದನ್ನು ರಾಂಪ್ ಅನ್ನುವುದು ಬೇಡ. ಫುಟ್‌ಪಾತ್ ಅಡ್ಡಕ್ಕೆ ರಸ್ತೆಯ ಕಡೆ ವಾಲಿರುವುದನ್ನೂ ಹೀಗೆಯೇ ನೋಡಿ. ನೀರು ಹರಿಯಲು ಒಂದು ಡಿಗ್ರಿಗೆ ಸ್ವಲ್ಪ ಮೇಲೆ ಸಾಕು. ಅದಕ್ಕಿಂತ ಜಾಸ್ತಿ ವಾಲಿದರೆ ಗಾಲಿಕುರ್ಚಿ ತಾನಾಗಿಯೇ ರಸ್ತೆಯ ಕಡೆ ಎಳೆಯುತ್ತದೆ.

ಮನೆಗಳ ಗೇಟಿನ ಮುಂದೆ ಫುಟ್‌ಪಾತ್ ಏನಾಗುತ್ತದೆ? ಕಾರು ಸಲೀಸಾಗಿ ಒಳಗೆ ಹೋಗಲಿ ಅಂತ ಪ್ರತಿ ಗೇಟಿಗೂ ಫುಟ್‌ಪಾತ್ ತಗ್ಗಿಸುತ್ತಾರೆ. ನಡೆಯುವವರು ಹತ್ತು, ಇಳಿ, ಹತ್ತು, ಇಳಿ. ಸರಿಯಾದ ಕ್ರಮ ಉಲ್ಟಾ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು, ಕಾರು ಅದರ ಮೇಲೆ ಹತ್ತಿ ಇಳಿಯಬೇಕು. ದಿನಕ್ಕೆ ಎರಡು ಸಲ ಹೋಗುವ ಕಾರಿಗಾಗಿ ದಿನವಿಡೀ ನಡೆಯುವವರು ಯಾಕೆ ಕುಣಿಯಬೇಕು, ಅಲ್ವಾ?

ಕಣ್ಣು ಕಾಣದವರಿಗೆ ದಾರಿ ತೋರಿಸುವ ಹಳದಿ ಬಣ್ಣದ ಉಬ್ಬು ಟೈಲ್ಸ್ ನೋಡಿರುತ್ತೀರಿ. ಜಪಾನಿನ ಸೇಯಿಚಿ ಮಿಯಾಕೆ ಇವನ್ನು ರೂಪಿಸಿದವರು. 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲ ಸಲ ಹಾಕಿದರು. ಉದ್ದ ಗೆರೆ ಇದ್ದರೆ "ಮುಂದೆ ಹೋಗಿ", ಚುಕ್ಕೆ ಇದ್ದರೆ "ನಿಲ್ಲಿ, ಮುಂದೆ ಏನೋ ಇದೆ". ಅಂದರೆ ಅದು ಅಲಂಕಾರ ಅಲ್ಲ, ಓದುವ ಬರಹ. ಗೆರೆಯ ಟೈಲ್ಸ್ ನೇರ ಕಂಬಕ್ಕೆ ಹೋಗಿ ಮುಗಿದಿದ್ದರೆ ಫೋಟೋ ತೆಗೆಯಿರಿ. ಪತ್ರಿಕೆಯವರಿಗೂ ಇಂಥ ಫೋಟೋ ಬೇಕಾಗುತ್ತದೆ.

ದಾಟುವ ಜಾಗ

ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಫುಟ್‌ಪಾತ್ ಕೆಟ್ಟರೆ ಜನ ಬೀಳುತ್ತಾರೆ, ದಾಟುವ ಜಾಗ ಕೆಟ್ಟರೆ ಜನ ಸಾಯುತ್ತಾರೆ.

ಮೊದಲು ಸುಮ್ನೆ ನಿಂತು ನೋಡಿ. ಬೀದಿಯ ಒಂದು ನಕ್ಷೆ ಬರೆದುಕೊಂಡು, ಜನ ಎಲ್ಲೆಲ್ಲಿ ದಾಟುತ್ತಾರೋ ಅಲ್ಲಲ್ಲಿ ಗೆರೆ ಹಾಕುತ್ತಾ ಹೋಗಿ. ಅರ್ಧ ಗಂಟೆಯಲ್ಲಿ ಚಿತ್ರ ಸಿಗುತ್ತದೆ. ಬಸ್ ಸ್ಟಾಪ್ ಇಲ್ಲಿ, ಜೀಬ್ರಾ ಗೆರೆ 150 ಮೀಟರ್ ಆಚೆ, ಜನ ದಾಟುವುದು ಸ್ಟಾಪಿನ ಎದುರೇ. ಇದಕ್ಕೆ ಇಲಾಖೆಗಳಿಗೆ ಹೊಳೆಯುವ ಉಪಾಯ ರಸ್ತೆ ನಡುವಿನ ಮೀಡಿಯನ್ ಕಟ್ಟೆಯ ಮೇಲೆ ಕಬ್ಬಿಣದ ಬೇಲಿ. ಜನ ಬೇಲಿ ಹಾರುತ್ತಾರೆ. ಜನ ದಾಟುವ ಕಡೆಗೆ ಕ್ರಾಸಿಂಗ್ ತನ್ನಿ ಎಂದು ಕೇಳಿ, ನಿಮ್ಮ ಗೆರೆಗಳ ನಕ್ಷೆಯನ್ನು ಜೊತೆಗಿಡಿ.

ಇನ್ನು ಸಮಯ. ರಸ್ತೆಯ ಅಗಲ ಅಳೆಯಿರಿ. ನಡೆಯುವವರ ದೀಪ ಹಸಿರಾದಾಗಿನಿಂದ ವಾಹನಗಳನ್ನು ಬಿಡುವವರೆಗೆ ಎಷ್ಟು ಸೆಕೆಂಡ್ ಎಂದು ಫೋನಿನಲ್ಲಿ ನೋಡಿ. ಬಹಳ ಕಡೆ ಸಿಗ್ನಲ್ ಲೆಕ್ಕ ಮಾಡುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂದುಕೊಳ್ಳುತ್ತಾರೆ. 14 ಮೀಟರ್ ರಸ್ತೆಗೆ 12 ಸೆಕೆಂಡ್ ಆಯಿತು. ಮಂಡಿ ನೋವಿನ ಅಜ್ಜಿ 0.8 ಮೀಟರ್ ವೇಗದಲ್ಲಿ ನಡೆದರೆ ಬೇಕಾದದ್ದು 17.5 ಸೆಕೆಂಡ್. ಅಂದರೆ ಹಸಿರು ಬಿದ್ದ ಕ್ಷಣವೇ ಹೊರಟರೂ ವಾಹನ ಬಿಟ್ಟಾಗ ಅಜ್ಜಿ ಇನ್ನೂ ನಾಲ್ಕೂವರೆ ಮೀಟರ್ ಹಿಂದೆ ಇರುತ್ತಾರೆ. ಅಮೆರಿಕದಲ್ಲಿ 2009ರಲ್ಲಿ ಈ ವೇಗದ ಲೆಕ್ಕವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿದರು. ಆಸ್ಪತ್ರೆ, ಶಾಲೆ, ಹಿರಿಯರ ಮನೆ ಹತ್ತಿರ ಇದ್ದರೆ ಇನ್ನೂ ಇಳಿಸಿ ಎಂದು ಕೇಳಬಹುದು. ಸಿಗ್ನಲ್ ಪೆಟ್ಟಿಗೆಯಲ್ಲಿ ಒಂದು ಅಂಕಿ ಬದಲಾಯಿಸಿದರೆ ಆಗುವ ಕೆಲಸ ಇದು, ರಸ್ತೆ ಅಗೆಯಬೇಕಿಲ್ಲ.

ಕಾಯುವ ಹೊತ್ತನ್ನೂ ಬರೆದುಕೊಳ್ಳಿ. 30 ಸೆಕೆಂಡ್ ಮೀರಿದರೆ ಜನ ಸಿಗ್ನಲ್ ಬಿಟ್ಟು ಸಂದು ನೋಡಿ ನುಗ್ಗಲು ಶುರು ಮಾಡುತ್ತಾರೆ. ಎರಡು ನಿಮಿಷ ನಿಲ್ಲಿಸಿ ಆಮೇಲೆ ಶಿಸ್ತಿನ ಪಾಠ ಹೇಳಿದರೆ ಯಾರು ಕೇಳುತ್ತಾರೆ?

ಎಡಕ್ಕೋ ಬಲಕ್ಕೋ ತಿರುಗುವ ವಾಹನಗಳು ದಾಟುವವರ ಮೇಲೆಯೇ ಬರುತ್ತಿದ್ದರೆ ಒಂದು ಸಣ್ಣ ಉಪಾಯ ಇದೆ. ವಾಹನಗಳಿಗೆ ಹಸಿರು ಕೊಡುವ 3ರಿಂದ 7 ಸೆಕೆಂಡ್ ಮೊದಲೇ ನಡೆಯುವವರಿಗೆ ಹಸಿರು ಕೊಡುವುದು. ಅಷ್ಟರಲ್ಲಿ ಅವರು ರಸ್ತೆಗೆ ಇಳಿದು ಎಲ್ಲರ ಕಣ್ಣಿಗೆ ಬಿದ್ದಿರುತ್ತಾರೆ. ಇದಕ್ಕೂ ಹೆಚ್ಚಿನ ಖರ್ಚಿಲ್ಲ.

ಸಿಗ್ನಲ್ ಇಲ್ಲದ ಕ್ರಾಸಿಂಗ್‌ನಲ್ಲಿ ನೋಟ ಹೇಗಿದೆ ನೋಡಿ. ಏಳು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ ನಿಲ್ಲಿ. ನಿಂತ ಕಾರಿನ ಬಾನೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದ್ದರಿಂದಲೇ ಕ್ರಾಸಿಂಗ್‌ನ ಹತ್ತಿರ ಕೆಲವು ಮೀಟರ್ ಪಾರ್ಕಿಂಗ್ ಇರಬಾರದು. ಕ್ಯಾಲಿಫೋರ್ನಿಯಾದ ಕಾನೂನು 20 ಅಡಿ, ಅಂದರೆ 6 ಮೀಟರ್, ಖಾಲಿ ಬಿಡಬೇಕು ಎನ್ನುತ್ತದೆ. ನ್ಯೂಜೆರ್ಸಿಯ ಹೋಬೋಕನ್ ಎಂಬ ಪುಟ್ಟ ನಗರ ಮೂಲೆಗಳಲ್ಲಿ ಪಾರ್ಕಿಂಗ್ ತೆಗೆದು ಅಲ್ಲಿ ಕಂಬ, ಸೈಕಲ್ ಸ್ಟ್ಯಾಂಡ್, ಗಿಡ ಇಟ್ಟಿತು. ಜೊತೆಗೆ ಬೇರೆ ಕೆಲಸಗಳನ್ನೂ ಮಾಡಿತು. ಅಲ್ಲಿ 2017ರ ಜನವರಿಯ ನಂತರ ಏಳು ವರ್ಷ ರಸ್ತೆ ಅಪಘಾತದಲ್ಲಿ ಒಂದು ಸಾವೂ ಆಗಲಿಲ್ಲ. ಖಾಲಿ ಬಿಡಿ ಎಂದು ಬರೀ ಬಣ್ಣ ಬಳಿದರೆ ಸಾಲದು, ಗಾಡಿ ನಿಲ್ಲಿಸಲು ಆಗದಂತೆ ಏನಾದರೂ ನೆಡಬೇಕು.

ಒಂದು ದಿಕ್ಕಿಗೆ ಎರಡು ಲೇನ್ ಇರುವ ರಸ್ತೆ ಇನ್ನೂ ಕೆಟ್ಟದ್ದು. ಮೊದಲ ಲೇನಿನ ಬಸ್ ಮರ್ಯಾದೆಯಿಂದ ನಿಲ್ಲುತ್ತದೆ. ನೀವು ದಾಟುತ್ತೀರಿ. ಎರಡನೇ ಲೇನಿನವನಿಗೆ ಬಸ್ ಮರೆಯಲ್ಲಿರುವ ನೀವು ಕಾಣುವುದೇ ಇಲ್ಲ. ವಾಹನಗಳು ನಿಲ್ಲುವ ಗೆರೆಯನ್ನು ಜೀಬ್ರಾದಿಂದ 6 ಮೀಟರಾದರೂ ಹಿಂದಕ್ಕೆ ಎಳೆದರೆ ಆ ನೋಟ ತೆರೆದುಕೊಳ್ಳುತ್ತದೆ. ರಸ್ತೆಯ ನಡುವೆ ನಿಂತು ಕಾಯಲು 2 ಮೀಟರ್ ಅಗಲದ ದ್ವೀಪ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದೇ ಕಡೆ ನೋಡಿ ದಾಟಬಹುದು. ಇಂಥ ದ್ವೀಪಗಳಿಂದ ನಡೆಯುವವರ ಅಪಘಾತ ಶೇ. 56ರಷ್ಟು ಕಡಿಮೆಯಾಗುತ್ತದೆ ಎಂದು ಅಮೆರಿಕದ ಹೆದ್ದಾರಿ ಆಡಳಿತ ಹೇಳುತ್ತದೆ.

ಸಭೆಯಲ್ಲಿ ಯಾರಾದರೂ "ಸ್ಕೈವಾಕ್ ಕಟ್ಟಿಸೋಣ" ಅಂದೇ ಅನ್ನುತ್ತಾರೆ. ಆಗ ಈ ಲೆಕ್ಕ ಹೇಳಿ. ಲಾರಿ ಹೋಗಲು ಐದೂವರೆ ಮೀಟರ್ ಎತ್ತರ ಬೇಕು. 15 ಸೆಂಟಿಮೀಟರಿನ ಮೆಟ್ಟಿಲಾದರೆ 37 ಹತ್ತಬೇಕು, 37 ಇಳಿಯಬೇಕು. ಗಾಲಿಕುರ್ಚಿಗೆ ರಾಂಪ್ ಮಾಡಿದರೆ ಒಂದೊಂದು ಕಡೆ 66 ಮೀಟರ್, ನಡುವಿನ ತಂಗುವ ಜಾಗ ಬೇರೆ. 14 ಮೀಟರ್ ರಸ್ತೆ ದಾಟಲು! ಹೆದ್ದಾರಿಗೆ, ರೈಲು ಹಳಿಗೆ ಸರಿ. ಊರೊಳಗಿನ ಬೀದಿಗೆ ಅದು ವಾಹನಗಳ ಅನುಕೂಲಕ್ಕೆ ಕಟ್ಟುವ ಸೇತುವೆ, ಜಾಹೀರಾತು ಹಾಕಲು ಒಳ್ಳೆಯ ಜಾಗ.

ವೇಗ: 180 ಭಾಗಿಸು ಸೆಕೆಂಡ್

"ಗಾಡಿಗಳು ಸಿಕ್ಕಾಪಟ್ಟೆ ಸ್ಪೀಡಾಗಿ ಹೋಗುತ್ತವೆ" ಎಂದು ಬರೆದರೆ ಕೆಲಸ ಆಗುವುದಿಲ್ಲ. ಅಳೆಯುವುದು ಬಹಳ ಸುಲಭ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಒಂದು ವಾಹನ ಮೊದಲ ಗುರುತಿನಿಂದ ಎರಡನೆಯದಕ್ಕೆ ಬರಲು ಎಷ್ಟು ಸೆಕೆಂಡ್ ಎಂದು ನೋಡಿ. 180 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. 6 ಸೆಕೆಂಡ್ ಆದರೆ 30, 4.5 ಆದರೆ 40, 3.6 ಆದರೆ 50. ಟ್ರಾಫಿಕ್ ಜಾಮ್ ಇಲ್ಲದ ಹೊತ್ತಿನಲ್ಲಿ, ಮುಂದೆ ಅಡ್ಡಿ ಇಲ್ಲದೆ ಬರುವ ನೂರು ವಾಹನ ಅಳೆಯಿರಿ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ 85ನೆಯದು ಎಷ್ಟು ನೋಡಿ. ಎಂಜಿನಿಯರ್‌ಗಳು ಮಾತಾಡುವುದು ಈ ಅಂಕಿಯನ್ನೇ.

30ಕ್ಕೂ 50ಕ್ಕೂ ಏನು ವ್ಯತ್ಯಾಸ? ಗಂಟೆಗೆ 30ರಲ್ಲಿ ಬರುವ ಡ್ರೈವರ್ ಮಗುವನ್ನು ಕಂಡು, ಒಂದು ಸೆಕೆಂಡ್ ಯೋಚಿಸಿ, ಬ್ರೇಕ್ ಒತ್ತಿ, ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತಾನೆ. 50ರಲ್ಲಿ ಬರುವವನು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ದಾಟಿರುತ್ತಾನೆ. ಮೊದಲನೆಯವನು ನಿಂತ ಜಾಗದಲ್ಲಿ ಎರಡನೆಯವನ ಕಾಲು ಇನ್ನೂ ಬ್ರೇಕಿಗೆ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು 11.9 ಲಕ್ಷ ಜನ. ಅವರಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ನಡೆಯುತ್ತಿದ್ದವರು. ನಡೆಯುವವರೂ ವಾಹನಗಳೂ ಬೆರೆಯುವ ಕಡೆ 30 ಮಿತಿ ಇರಲಿ ಎಂದು ರಸ್ತೆ ಸುರಕ್ಷತೆಯ ಬಗ್ಗೆ ಹಲವು ದೇಶಗಳು ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕೇ. ನಾರ್ವೆಯ ಓಸ್ಲೋದಲ್ಲಿ 2019ರಲ್ಲಿ ನಡೆಯುವ ಒಬ್ಬರೂ, ಸೈಕಲ್ ತುಳಿಯುವ ಒಬ್ಬರೂ ಸಾಯಲಿಲ್ಲ. ಅದೇ ವರ್ಷ ಫಿನ್ಲೆಂಡಿನ ಹೆಲ್ಸಿಂಕಿಯಲ್ಲೂ ನಡೆಯುವವರು ಯಾರೂ ಸಾಯಲಿಲ್ಲ.

ಬೋರ್ಡು ನೆಟ್ಟರೆ ವೇಗ ಇಳಿಯುವುದಿಲ್ಲ. ರಸ್ತೆ ಹೇಳಿದಂತೆ ಡ್ರೈವರ್ ಕೇಳುತ್ತಾನೆ. ಮೂಲೆ ಅಗಲವಾಗಿ ದುಂಡಗಿದ್ದರೆ ವೇಗ ಇಳಿಸದೇ ತಿರುಗುತ್ತಾನೆ, ಬಿಗಿಯಾಗಿದ್ದರೆ ಇಳಿಸುತ್ತಾನೆ. ಲೇನ್ 3.5 ಮೀಟರ್ ಇದ್ದರೆ ಹಾರಿಸುತ್ತಾನೆ, 3 ಮೀಟರ್ ಇದ್ದರೆ ನೋಡಿಕೊಂಡು ಹೋಗುತ್ತಾನೆ. ಎರಡು ಲೇನಿನಿಂದ ಅರ್ಧರ್ಧ ಮೀಟರ್ ತೆಗೆದರೆ ಫುಟ್‌ಪಾತ್‌ಗೆ ಒಂದು ಮೀಟರ್ ಸಿಕ್ಕಿತು ನೋಡಿ. "ಜಾಗ ಎಲ್ಲಿದೆ ಸಾರ್" ಎಂಬ ಮಾತಿಗೆ ಉತ್ತರ ಅಲ್ಲಿದೆ.

ಯಾವಾಗ ಕೇಳಬೇಕು

ಪಾಲಿಕೆ ಒಂದು ಮೂಲೆಯ ಕರ್ಬ್ ಬದಲಾಯಿಸಲು ಅಂತಲೇ ರಸ್ತೆ ಅಗೆಯುವುದು ತೀರಾ ಕಡಿಮೆ. ಅದಕ್ಕೆ ಬೇರೆ ಎಸ್ಟಿಮೇಟ್, ಬೇರೆ ಟೆಂಡರ್, ಬೇರೆ ಸಹಿ. ಆದರೆ ಹೇಗೂ ರಸ್ತೆಗೆ ಡಾಂಬರು ಹಾಕುವಾಗ, ಚರಂಡಿ ಕಟ್ಟುವಾಗ, ಪೈಪ್ ಹೂಳುವಾಗ ಅದೇ ಮೂಲೆಯನ್ನು ಸರಿ ಮಾಡುವುದು ಎಸ್ಟಿಮೇಟ್‌ನಲ್ಲಿ ಇನ್ನೊಂದು ಸಾಲು ಅಷ್ಟೇ. ಯಂತ್ರ ಬಂದಿದೆ, ಜನ ಇದ್ದಾರೆ, ರಸ್ತೆ ಮುಚ್ಚಿದೆ. ಆ ಸಾಲು ಸೇರಬೇಕಾದದ್ದು ಟೆಂಡರ್ ಕರೆಯುವ ಮೊದಲು. ಕೆಲಸ ಶುರುವಾದ ಮೇಲೆ ಬಂದು ಗಲಾಟೆ ಮಾಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರು ಕೇಳುವುದು ನ್ಯಾಯವೇ ಇರುತ್ತದೆ, ಆದರೆ ಅಷ್ಟರಲ್ಲಿ ಗುತ್ತಿಗೆದಾರನ ಕೈಯಲ್ಲಿ ಸಹಿಯಾದ ಪಟ್ಟಿ ಇರುತ್ತದೆ.

ಇದನ್ನು ಕಾನೂನೇ ಮಾಡಿಕೊಂಡ ಕಡೆಗಳಿವೆ. ಅಮೆರಿಕದಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಿದರೆ ಕ್ರಾಸಿಂಗ್‌ಗಳಲ್ಲಿ ರಾಂಪ್ ಕೂಡ ಮಾಡಲೇಬೇಕು. ಲಾಸ್ ಏಂಜಲೀಸ್‌ನಲ್ಲಿ 2024ರ ಮಾರ್ಚ್‌ನಲ್ಲಿ ಜನ ಮತ ಹಾಕಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ನಗರದ ಯೋಜನೆಯಲ್ಲಿ ಬರೆದಿಟ್ಟ ಸುಧಾರಣೆಗಳನ್ನು ಆ ರಸ್ತೆಗೆ ಡಾಂಬರು ಹಾಕುವಾಗಲೇ ಮಾಡಬೇಕು ಎಂಬ ನಿಯಮ ಅದು.

ಹಾಗಾದರೆ ನಿಮ್ಮ ಕೆಲಸ ಏನು? ಮುಂದಿನ ವರ್ಷ ಯಾವ ಯಾವ ರಸ್ತೆಗೆ ಡಾಂಬರು ಎಂಬ ಪಟ್ಟಿ ಹುಡುಕುವುದು. ಬಜೆಟ್ ತಯಾರಾಗುವ ತಿಂಗಳುಗಳಲ್ಲಿ ವಾರ್ಡ್ ಆಫೀಸಿನಲ್ಲಿ, ಪಾಲಿಕೆ ಸದಸ್ಯರ ಹತ್ತಿರ ಕೇಳಿ. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಅರ್ಜಿ ಹಾಕಿ. ನೀರು, ಒಳಚರಂಡಿ, ಕೇಬಲ್ ಇಲಾಖೆಗಳ ಪಟ್ಟಿಯನ್ನೂ ಕೇಳಿ. ಹೊಸ ಫುಟ್‌ಪಾತ್ ಹಾಕಿದ ಮರುವಾರವೇ ಕೇಬಲ್‌ನವರು ಅಗೆಯುವುದು ತಮಾಷೆಯಲ್ಲ, ಎರಡು ಪಟ್ಟಿಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡದ್ದರ ಫಲ. ಆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ ಒಬ್ಬ ನಿವೃತ್ತ ಮೇಷ್ಟ್ರಿಗೆ ನಮ್ಮ ಆಫೀಸಿನಲ್ಲಿ ಕುರ್ಚಿ, ಕಾಫಿ ಎರಡೂ ಸಿಗುತ್ತಿತ್ತು.

ಫುಟ್‌ಪಾತ್ ಯಾರ ಹೊಣೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಅಮೆರಿಕದ ಎಷ್ಟೋ ನಗರಗಳಲ್ಲಿ ರಿಪೇರಿ ಪಕ್ಕದ ಮನೆಯವರದ್ದು. ಡೆನ್ವರ್ ನಗರದ ಜನ 2022ರಲ್ಲಿ ಮತ ಹಾಕಿ, ಶುಲ್ಕ ಕೊಡುತ್ತೇವೆ, ನಗರವೇ ನೋಡಿಕೊಳ್ಳಲಿ ಎಂದರು. ನಿಮ್ಮ ಕಡೆ ದೊಡ್ಡ ರಸ್ತೆ ಒಂದು ಇಲಾಖೆಯದ್ದು, ಸಿಗ್ನಲ್ ಪೊಲೀಸರದ್ದು, ಸ್ಲ್ಯಾಬ್ ಕೆಳಗಿನ ಚರಂಡಿ ಇನ್ನೊಬ್ಬರದ್ದು ಆಗಿರಬಹುದು. ತಪ್ಪು ಆಫೀಸಿಗೆ ಹೋದ ಪತ್ರ ಸರಿಯಾದ ಆಫೀಸಿಗೆ ತಾನಾಗಿ ನಡೆದು ಹೋಗುವುದಿಲ್ಲ.

ಒಂದು ಪುಟದ ಪತ್ರ

ಎಲ್ಲಾ ಅಳತೆ ಇದ್ದರೂ ಪತ್ರ ಒಂದೇ ಪುಟ ಇರಲಿ. ಜಾಗ, ಅಳತೆ, ಎಷ್ಟಿರಬೇಕು, ಏನು ಮಾಡಬೇಕು. ಇಷ್ಟೇ. ಉದಾಹರಣೆಗೆ:

"ಮುಖ್ಯರಸ್ತೆ, ಶಾಲೆಯ ಗೇಟಿನಿಂದ ಬಸ್ ಸ್ಟಾಪ್‌ವರೆಗೆ. ಫುಟ್‌ಪಾತ್ ಅತಿ ಇಕ್ಕಟ್ಟಾದ ಕಡೆ 70 ಸೆಂಟಿಮೀಟರ್, ಮಾರ್ಗಸೂಚಿಯಲ್ಲಿ 1.8 ಮೀಟರ್. ಎರಡು ಬೋರ್ಡು, ಒಂದು ಕಸದ ಡಬ್ಬಿ ಸರಿಸಿದರೆ 1.6 ಸಿಗುತ್ತದೆ (ಫೋಟೋ 1, 2). ಮೂಲೆಯ ರಾಂಪ್ 9 ಡಿಗ್ರಿ, ಬುಡದಲ್ಲಿ 2 ಸೆಂಟಿಮೀಟರ್ ಮೆಟ್ಟಿಲು (ಫೋಟೋ 3). ಈ ರಸ್ತೆ ಮುಂದಿನ ವರ್ಷದ ಡಾಂಬರು ಪಟ್ಟಿಯಲ್ಲಿದೆ. ಅದರ ಎಸ್ಟಿಮೇಟ್‌ನಲ್ಲಿ ರಾಂಪ್ ತಿದ್ದುವುದನ್ನೂ ಮಿಲ್ಲಿಂಗ್ ಅನ್ನೂ ಸೇರಿಸಿ. ಬೋರ್ಡುಗಳನ್ನು ಈಗಲೇ ಸರಿಸಬಹುದು."

ಫೋಟೋದಲ್ಲಿ ಟೇಪು ಕಾಣಬೇಕು, ಅಂಕಿ ಓದಲು ಬರಬೇಕು. ಪತ್ರ ಕೊಟ್ಟು ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಶಾಲೆಯ ಮುಖ್ಯೋಪಾಧ್ಯಾಯರು, ಬಡಾವಣೆಯ ಸಂಘ, ಅಂಗಡಿಯವರು ಸಹಿ ಹಾಕಿದರೆ ಒಳ್ಳೆಯದು. ಅಂಗಡಿಯವರನ್ನು ಬಿಡಬೇಡಿ. ಪಾರ್ಕಿಂಗ್ ಹೋಗುತ್ತದೆ ಎಂದು ಮೊದಲು ವಿರೋಧಿಸುವವರು ಅವರೇ. ಮೊದಲೇ ಕೂತು ಮಾತಾಡಿದರೆ ಅರ್ಧ ವಿರೋಧ ಕರಗುತ್ತದೆ.

"ನೋಡೋಣ, ದೊಡ್ಡ ಬದಲಾವಣೆ" ಎಂದರೆ ಪ್ರಯೋಗ ಕೇಳಿ. ಬಣ್ಣ, ಕೋನ್, ಪ್ಲಾಸ್ಟಿಕ್ ಕಂಬ ಇಟ್ಟು ಕೆಲವು ವಾರ ನೋಡೋಣ ಎನ್ನಿ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ರಸ್ತೆ ಮುಚ್ಚಿ ಮಡಚುವ ಕುರ್ಚಿ ಹಾಕಿದರು. ಜನ ಕೂತರು. ಮರುವರ್ಷ ಅದು ಶಾಶ್ವತ ಎಂದು ತೀರ್ಮಾನವಾಯಿತು. ಪ್ರಯೋಗಕ್ಕೆ ಮೊದಲು, ಆಮೇಲೆ, ಎರಡೂ ಸಲ ನಿಮ್ಮ 50 ಮೀಟರ್ ಲೆಕ್ಕ ಮಾಡಿ ಇಟ್ಟುಕೊಳ್ಳಿ.

ಕೆಲಸ ನಡೆಯುವಾಗ

ಪತ್ರಕ್ಕಿಂತ ಮೇಸ್ತ್ರಿಯ ಜೊತೆ ಮಾತು ಹೆಚ್ಚು ಕೆಲಸ ಮಾಡುವ ಹೊತ್ತು ಇದು. ಕಾಂಕ್ರೀಟ್ ಸುರಿಯುವ ಮೊದಲು ಹೋಗಿ, ದಾರ ಕಟ್ಟಿದ ಮಟ್ಟ ನೋಡಿ. ಗಟ್ಟಿಯಾದ ಮೇಲೆ ಒಡೆಸುವುದು ಯಾರಿಗೂ ಬೇಡದ ಕೆಲಸ. ಮೇಸ್ತ್ರಿಗೆ ರಾಂಪ್ ಬುಡದ ಗೆರೆ ಯಾಕೆ ಮುಖ್ಯ ಎಂದು ತೋರಿಸಿ ಹೇಳಿ. ಯಾರೂ ಅವರಿಗೆ ಹೇಳಿರುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳ ಹೊಸ ಮಟ್ಟಕ್ಕೆ ಏರಿದೆಯಾ, ಇಲ್ಲ ತಗ್ಗಿನಲ್ಲೇ ಉಳಿಯಿತಾ ನೋಡಿ.

ಅಗೆದಿರುವಷ್ಟು ದಿನ ನಡೆಯುವವರಿಗೆ ಬೇರೆ ದಾರಿ ಎಲ್ಲಿ ಎಂದು ಕೇಳಿ. ವಾಹನಗಳಿಗೆ ಬದಲಿ ದಾರಿಯ ಬೋರ್ಡು ಹಾಕುತ್ತಾರೆ, ನಡೆಯುವವರಿಗೆ ಒಂದು ಹಲಗೆಯೂ ಇರುವುದಿಲ್ಲ. ಬೇಲಿ ಹಾಕಿದ, ರಾತ್ರಿ ದೀಪ ಇರುವ ದಾರಿ ಗುತ್ತಿಗೆದಾರನ ಕರಾರಿನಲ್ಲೇ ಸಾಮಾನ್ಯವಾಗಿ ಇರುತ್ತದೆ. ಕರಾರಿನ ಪ್ರತಿ ಕೇಳಿ ತೆಗೆದುಕೊಳ್ಳಿ.

ಅದೇ ಕರಾರಿನಲ್ಲಿ ಇನ್ನೊಂದು ಸಾಲು ಹುಡುಕಿ. ಕೆಲಸ ಮುಗಿದ ಮೇಲೆ ಇಷ್ಟು ಕಾಲದವರೆಗೆ ಕೆಟ್ಟದ್ದನ್ನು ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು ಎಂದಿರುತ್ತದೆ. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಿ. ಅದಕ್ಕೆ ಮೂರು ತಿಂಗಳು ಮುಂಚೆ, ಮಳೆ ಬಂದ ಮರುದಿನ, ಟೇಪು ಹಿಡಿದು ಮತ್ತೆ ನಡೆಯಿರಿ. ಕುಸಿದ ಸ್ಲ್ಯಾಬ್, ನೀರು ನಿಂತ ರಾಂಪ್, ಅಲುಗುವ ಟೈಲ್ಸ್ ಎಲ್ಲದರ ಫೋಟೋ ಸೇರಿಸಿ ಇನ್ನೊಂದು ಪುಟ ಬರೆಯಿರಿ. ಪಾಲಿಕೆಯ ಹತ್ತಿರ ಗುತ್ತಿಗೆದಾರನ ಠೇವಣಿ ಹಣ ಇನ್ನೂ ಇರುವಾಗಲೇ ಅದು ಎಂಜಿನಿಯರ್ ಕೈ ಸೇರಬೇಕು.